ತನ್ನನ್ನು ತಾನು ಒಪ್ಪಿಕೊಳ್ಳುವುದಕ್ಕೂ ಕ್ರೈಸ್ತರು ಹೇಳುವ ವಿಮೋಚನೆಗೂ ಸಂಬಂಧ ಇದೆಯಾ?

ಖಂಡಿತ ಇದೆ. ಆದರೆ ಎರಡೂ ಒಂದೇ ಅಲ್ಲ.

ಇನ್ನೊಬ್ಬರು ಷರತ್ತಿಲ್ಲದೆ ಒಪ್ಪಿಕೊಳ್ಳುವುದು ಮನುಷ್ಯ ಬದಲಾಗಲು ಬೇಕೇ ಬೇಕಾದ ಅಂಶಗಳಲ್ಲಿ ಒಂದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದರು. ದಾವಣಗೆರೆಯ ಕಾಲೇಜು ಹುಡುಗರಲ್ಲಿ ನಾನು ಇದನ್ನು ಕಂಡಿದ್ದೇನೆ. ಸಬ್ಜೆಕ್ಟ್ ಹೋದವನು ಊರಿಗೆ ಹೋಗಲು ನಾಚಿ ವಿದ್ಯಾನಗರದ ರೂಮಿನಲ್ಲೇ ಸುಮ್ನೆ ಕೂತಿರುತ್ತಾನೆ. "ಫೇಲಾದ್ರೆ ಆಯ್ತು, ಮೊದಲು ಮನೆಗೆ ಬಾರಪ್ಪಾ, ಊಟ ಮಾಡು" ಅಂತ ಅಪ್ಪ ಫೋನ್ ಮಾಡಿದ ಮೇಲೆಯೇ ಅವನು ಮತ್ತೆ ಪುಸ್ತಕ ಮುಟ್ಟುವುದು.

ಲೂಕನ ಸುವಾರ್ತೆಯ 15ನೇ ಅಧ್ಯಾಯದ ತಂದೆಯೂ ಹಾಗೇ. ಆಸ್ತಿ ಹಾಳುಮಾಡಿ ಬಂದ ಮಗ ಬಾಯಿ ತೆರೆಯುವ ಮೊದಲೇ ಓಡಿಹೋಗಿ ತಬ್ಬಿಕೊಳ್ಳುತ್ತಾನೆ.

ವ್ಯತ್ಯಾಸ ಇರುವುದು ಇಲ್ಲಿ. ವಿಮೋಚನೆ ಅಂದರೆ ಬೆಲೆ ಕೊಟ್ಟು ಬಿಡಿಸಿಕೊಳ್ಳುವುದು. ಅಡವಿಟ್ಟ ಒಡವೆ ಬಿಡಿಸಿಕೊಂಡು ಬರುತ್ತೇವೆ ಅಲ್ವಾ, ಹಾಗೆ. ಸಾಲ ನಿಜವಾಗಿಯೂ ಇತ್ತು, ಅದನ್ನು ಕ್ರಿಸ್ತನು ಶಿಲುಬೆಯ ಮೇಲೆ ತೀರಿಸಿದ ಎನ್ನುವುದು ಕ್ರೈಸ್ತರ ನಂಬಿಕೆ. ರೋಜರ್ಸ್ ಅಂಥ ಸಾಲದ ಮಾತೇ ಆಡುವುದಿಲ್ಲ. ಬೆಳೆಯುವ ಶಕ್ತಿ ಮನುಷ್ಯನ ಒಳಗೇ ಇದೆ ಎಂದು ಅವರು ನಂಬಿದ್ದರು.

ಎರಡನ್ನೂ ಹತ್ತಿರ ತಂದವರು ದೇವತಾಶಾಸ್ತ್ರಜ್ಞ ಪಾಲ್ ಟಿಲಿಕ್. ನಾನು ಯೋಗ್ಯನಲ್ಲದಿದ್ದರೂ ದೇವರು ನನ್ನನ್ನು ಒಪ್ಪಿದ್ದಾನೆ, ಅದನ್ನು ನಾನು ಒಪ್ಪಿಕೊಳ್ಳಬೇಕು ಎಂದರು ಅವರು. ನನಗೆ ಈ ಮಾತು ಜಾಸ್ತಿ ಹತ್ತಿರ. ನಿಜವಾಗಿ ತಪ್ಪು ಮಾಡಿದವನಿಗೆ "ನಿನ್ನದೇನೂ ತಪ್ಪಿಲ್ಲ" ಅಂದರೆ ಅವನು ನಂಬುವುದೇ ಇಲ್ಲ. 1965ರಲ್ಲಿ ರೋಜರ್ಸ್ ಮತ್ತು ಟಿಲಿಕ್ ಎದುರುಬದುರು ಕೂತು ಇಂಥ ವಿಷಯಗಳನ್ನೇ ಚರ್ಚಿಸಿದ್ದರು.