‘ರಿಕ್ವೈರ್ ಎನ್‌ಕ್ರಿಪ್ಷನ್’ ಹಾಕಿದ ಮೇಲೆ ಪಿಯರ್‌ಗಳೇ ಸಿಗ್ತಿಲ್ಲ ಅಂದಿದ್ದಕ್ಕೆ

ಕ್ಯೂಬಿಟ್‌ಟೊರೆಂಟ್ (ಟೊರೆಂಟ್ ಡೌನ್‌ಲೋಡ್ ಮಾಡೋ ಸಾಫ್ಟ್‌ವೇರ್) ಕೆಟ್ಟಿಲ್ಲ, ನೀವು ಹೇಳಿದ್ದನ್ನೇ ಮಾಡ್ತಿದೆ. ‘ರಿಕ್ವೈರ್’ ಅಂದ್ರೆ ಎನ್‌ಕ್ರಿಪ್ಷನ್ (ಡೇಟಾವನ್ನು ಗೂಢಲಿಪಿ ಮಾಡಿ ಕಳಿಸೋದು) ಒಪ್ಪದ ಪಿಯರ್ (ಅದೇ ಫೈಲ್ ಹಂಚಿಕೊಳ್ತಿರೋ ಬೇರೆಯವರ ಕಂಪ್ಯೂಟರ್) ಜೊತೆ ಮಾತೇ ಬೇಡ ಅಂತ. ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವ ಸೀಡರ್‌ಗಳು ಹತ್ತಾರು ಇದ್ದರೆ ವ್ಯತ್ಯಾಸ ಗೊತ್ತಾಗಲ್ಲ. ನಿಮಗಾದ ಹಾಗೆ ಸೀಡರ್‌ಗಳು ಇಬ್ಬರು ಮೂವರೇ ಇದ್ದು, ಅವರೂ ಎನ್‌ಕ್ರಿಪ್ಷನ್ ಆಫ್ ಮಾಡಿಟ್ಟಿದ್ದರೆ ಸ್ಪೀಡ್ ಸೊನ್ನೆಗೆ ಬರುತ್ತೆ.

ಟೂಲ್ಸ್, ಆಪ್ಷನ್ಸ್, ಬಿಟ್‌ಟೊರೆಂಟ್‌ಗೆ ಹೋಗಿ ಎನ್‌ಕ್ರಿಪ್ಷನ್ ಮೋಡ್ ಅನ್ನು ‘ಅಲೋ’ಗೆ ತನ್ನಿ. ಎದುರಿನವರು ಒಪ್ಪಿದರೆ ಎನ್‌ಕ್ರಿಪ್ಟೆಡ್, ಇಲ್ಲದಿದ್ದರೆ ಸಾದಾ ಸಂಪರ್ಕ. ಬದಲಾವಣೆ ಹೊಸ ಸಂಪರ್ಕಗಳಿಗೆ ಮಾತ್ರ ಅನ್ವಯ, ಹಾಗಾಗಿ ಟೊರೆಂಟನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ. ಆಮೇಲೆ ಪಿಯರ್ಸ್ ಟ್ಯಾಬಿನ ಫ್ಲ್ಯಾಗ್ಸ್ ಕಾಲಂ ನೋಡಿ: ದೊಡ್ಡ ‘ಇ’ (E) ಇದ್ದರೆ ಪೂರ್ತಿ ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿದೆ, ಸಣ್ಣ ‘ಇ’ (e) ಇದ್ದರೆ ಹ್ಯಾಂಡ್‌ಶೇಕ್ (ಸಂಪರ್ಕ ಶುರುವಾಗುವಾಗಿನ ಪರಿಚಯದ ಹಂತ) ಮಾತ್ರ.

ನಿಮ್ಮ ಐಎಸ್‌ಪಿ (ಇಂಟರ್‌ನೆಟ್ ಕೊಡೋ ಕಂಪನಿ) ಟೊರೆಂಟ್ ಗುರುತಿಸಿ ನಿಧಾನ ಮಾಡ್ತಿದ್ದರೆ ಮಾತ್ರ ‘ರಿಕ್ವೈರ್’ ಪ್ರಯತ್ನಿಸಿ ನೋಡಬಹುದು. ಗೋಪ್ಯತೆಗಾಗಿ ಹಾಕಿದ್ದರೆ ಪ್ರಯೋಜನ ಇಲ್ಲ. ಈ ಎನ್‌ಕ್ರಿಪ್ಷನ್ ಒಳಗಿರೋದು ಆರ್‌ಸಿ4, ಹಳೇ ಸೈಫರ್ (ಗೂಢಲಿಪಿ ವಿಧಾನ). ಟ್ರಾಫಿಕ್ಕಿನ ಚಹರೆ ಮರೆಸುತ್ತೆ ಅಷ್ಟೇ. ಸ್ವಾರ್ಮ್‌ನಲ್ಲಿರುವ (ಅದೇ ಟೊರೆಂಟ್ ಹಂಚಿಕೊಳ್ತಿರೋ ಗುಂಪಿನ) ಯಾರಿಗಾದರೂ ನಿಮ್ಮ ಐಪಿ ವಿಳಾಸ ಕಾಣುತ್ತೆ. ಟ್ರ್ಯಾಕರ್ (ಪಿಯರ್‌ಗಳ ಪಟ್ಟಿ ಕೊಡೋ ಸರ್ವರ್) ವಿಳಾಸ ಎಚ್‌ಟಿಟಿಪಿಎಸ್ ಅಲ್ಲದಿದ್ದರೆ ಆ ಮಾತುಕತೆಯೂ ಬಯಲಲ್ಲೇ ನಡೆಯುತ್ತೆ.