ಶಿಕಾಗೋ ಬಳಿಯ ಶಾಂಬರ್ಗ್ ಹೇಗೆ ಬೆಳೆಯಿತು, ಅದರ ಸ್ವರೂಪವೇನು?

ಇಲಿನಾಯ್ ರಾಜ್ಯದಲ್ಲಿ, ಶಿಕಾಗೋದ ವಾಯವ್ಯಕ್ಕಿರುವ ಶಾಂಬರ್ಗ್, ಹತ್ತೊಂಬತ್ತನೆಯ ಶತಮಾನದಲ್ಲಿ ಲೂಥರನ್ ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಪಂಥದ ಜರ್ಮನ್ ರೈತರು ನೆಲೆಸಿದ್ದ ಕೃಷಿ ಪ್ರದೇಶ. 1956ರಲ್ಲಿ ಅದು ವಿಧ್ಯುಕ್ತವಾಗಿ ಗ್ರಾಮವಾಗಿ ಸ್ಥಾಪನೆಗೊಂಡಾಗ ಅಲ್ಲಿದ್ದವರು ಸುಮಾರು 130 ಜನ; 2020ರ ಜನಗಣತಿಯ ವೇಳೆಗೆ ಈ ಸಂಖ್ಯೆ 78,000 ದಾಟಿತ್ತು. ಆದರೂ ಕಾನೂನಿನ ಪ್ರಕಾರ ಅದು ಇಂದಿಗೂ ಗ್ರಾಮವೇ. ಚುನಾಯಿತ ಅಧ್ಯಕ್ಷರೂ ಟ್ರಸ್ಟಿಗಳೂ (ಆಡಳಿತ ಮಂಡಳಿಯ ಸದಸ್ಯರು) ಅದರ ಆಡಳಿತ ನಡೆಸುತ್ತಾರೆ.

ಬೆಳವಣಿಗೆಗೆ ಮುಖ್ಯ ಕಾರಣ ಸಾರಿಗೆ. ಶಿಕಾಗೋದ ಓಹೇರ್ ವಿಮಾನ ನಿಲ್ದಾಣ ಸಮೀಪದಲ್ಲಿದ್ದುದರಿಂದಲೂ, 1958ರಲ್ಲಿ ವಾಯವ್ಯ ಟೋಲ್ ಹೆದ್ದಾರಿ ತೆರೆದುದರಿಂದಲೂ ಹೊಲಗಳಿದ್ದಲ್ಲಿ ವೆದರ್ಸ್‌ಫೀಲ್ಡ್‌ನಂತಹ ದೊಡ್ಡ ವಸತಿ ಬಡಾವಣೆಗಳು ಎದ್ದವು. 1971ರಲ್ಲಿ ವುಡ್‌ಫೀಲ್ಡ್ ಮಾಲ್ ಆರಂಭವಾಯಿತು, ಅದೇ ದಶಕದಲ್ಲಿ ಮೊಟೊರೊಲಾ ತನ್ನ ಕೇಂದ್ರ ಕಚೇರಿಯನ್ನು ಇಲ್ಲಿಗೆ ತಂದಿತು. ನನ್ನ ದೃಷ್ಟಿಯಲ್ಲಿ ಊರಿನ ಸ್ವರೂಪವನ್ನು ನಿರ್ಧರಿಸಿದ್ದು ಇದೇ ಘಟ್ಟ: ಶಿಕಾಗೋಗೆ ದುಡಿಯಲು ಹೋಗುವವರು ಮಲಗಲು ಮಾತ್ರ ಮರಳುವ ಉಪನಗರವಾಗದೆ, ಸುತ್ತಲಿನವರೇ ಕೆಲಸಕ್ಕೂ ಖರೀದಿಗೂ ಬರುವ ಕೇಂದ್ರವಾಗಿ ಅದು ರೂಪುಗೊಂಡಿತು, ಮಾರಾಟ ತೆರಿಗೆಯ ಆದಾಯ ಸಮೃದ್ಧವಾಗಿದ್ದುದರಿಂದ ಗ್ರಾಮಾಡಳಿತವು ದಶಕಗಳ ಕಾಲ ತನ್ನದೇ ಆದ ಆಸ್ತಿ ತೆರಿಗೆಯನ್ನು ವಿಧಿಸಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಎಲ್ಲವೂ ಕಾರಿನ ಅಳತೆಗೆ ನಿರ್ಮಾಣವಾದ ಕಾರಣ ಅಗಲವಾದ ರಸ್ತೆಗಳೂ ವಿಶಾಲ ಪಾರ್ಕಿಂಗ್ ಜಾಗಗಳೂ ಊರನ್ನು ಆವರಿಸಿವೆ, ನಡೆದು ಸುತ್ತಬಹುದಾದ ಸಹಜ ಪೇಟೆ ಬೆಳೆಯಲೇ ಇಲ್ಲ. 1990ರ ದಶಕದಲ್ಲಿ ಗ್ರಂಥಾಲಯ ಮತ್ತು ಅಂಗಡಿಗಳಿರುವ ಟೌನ್ ಸ್ಕ್ವೇರನ್ನು ರೂಪಿಸಿದ್ದು ಈ ಕೊರತೆಯನ್ನು ನೀಗಿಸಲೆಂದೇ. ಹಳೆಯ ಕೃಷಿ ಬದುಕಿನ ನೆನಪಾಗಿ ಊರಿನ ಸ್ಪ್ರಿಂಗ್ ವ್ಯಾಲಿ ಪ್ರಕೃತಿ ಕೇಂದ್ರದಲ್ಲಿ 1880ರ ದಶಕದ ಜರ್ಮನ್ ತೋಟದ ಬದುಕನ್ನು ಪರಿಚಯಿಸುವ ಹೊಲಮನೆಯಿದೆ. ಇಂದಿನ ನಿವಾಸಿಗಳಲ್ಲಿ ಭಾರತೀಯ ಮೂಲದವರ ಸಂಖ್ಯೆ ಗಣನೀಯವಾಗಿದೆ.