ಮತ್ತೆ ಮತ್ತೆ ಪರೀಕ್ಷಿಸುವುದು ಏಕೆ?

ಕೋಲಾರ ಜಿಲ್ಲೆಯ ಓದುಗರೊಬ್ಬರ ಪತ್ರ ಹೀಗಿದೆ: "ಅಲ್ಜೈಮರ್ ಕಾಯಿಲೆ ವಾಸಿಯಾಗುವುದಿಲ್ಲವೆಂದು ವೈದ್ಯರೇ ಹೇಳುತ್ತಾರೆ. ಹೀಗಿರುವಾಗ ಶ್ರೀನಿವಾಸಪುರದ ಹಳ್ಳಿಗಳವರನ್ನು ಪದೇ ಪದೇ ಕರೆಸಿ ಮಿದುಳಿನ ಸ್ಕ್ಯಾನ್ ಮಾಡಿಸುವುದರಿಂದ ಯಾರಿಗೆ ಲಾಭ? ನಮ್ಮ ತಂದೆಯವರು ಒಮ್ಮೆ ಹೋಗಿದ್ದರು. ಎರಡನೆಯ ಸಲ ನಾನೇ ಬೇಡವೆಂದೆ. ಆ ಹಣ ಆರೈಕೆಗೆ ಹೋಗಲಿ."

ಆರೈಕೆಗೆ ಹಣ ಬೇಕೆಂಬುದನ್ನು ಒಪ್ಪುತ್ತೇನೆ. ರೋಗಿ ದಾರಿತಪ್ಪಿ ಹೊರಗೆ ಹೋಗದಂತೆ ರಾತ್ರಿಯೆಲ್ಲ ಬಾಗಿಲು ಕಾಯುವ ಮನೆಯವರ ಪಾಡು ಸಣ್ಣದಲ್ಲ. ಆದರೆ ತಂದೆಯವರನ್ನು ತಡೆದದ್ದು ಮಾತ್ರ ಸರಿಯಲ್ಲ, ಸ್ವಾಮಿ. 30 ಅಂಕಗಳ ನೆನಪಿನ ಪರೀಕ್ಷೆಯಲ್ಲಿ ಒಬ್ಬರಿಗೆ 25 ಬಂದರೆ ಅದರಿಂದ ತಿಳಿಯುವುದು ಅಲ್ಪ. ಶಾಲೆಯ ಮುಖ ಕಾಣದ ರೈತರಿಗೆ ಅದು ಸಹಜವಿರಬಹುದು, ಎರಡು ವರ್ಷದ ಹಿಂದೆ 30 ಪಡೆದಿದ್ದ ನಿವೃತ್ತ ಮೇಷ್ಟರಿಗೆ ಅದೇ ಅಂಕ ಅಪಾಯದ ಸೂಚನೆ.

ಅಮೆರಿಕದಲ್ಲಿ ಸಂಶೋಧಕ ಡೇವಿಡ್ ಸ್ನೋಡನ್ 1986ರಲ್ಲಿ ಆರಂಭಿಸಿದ ಮುಪ್ಪಿನ ಅಧ್ಯಯನಕ್ಕೆ ಕ್ಯಾಥೊಲಿಕ್ ಸಂಘವೊಂದರ 678 ಸಂನ್ಯಾಸಿನಿಯರು ಒಪ್ಪಿ, ನಿಯಮಿತವಾಗಿ ಪರೀಕ್ಷೆಗೆ ಕುಳಿತರು, ಮರಣಾನಂತರ ಮಿದುಳನ್ನೂ ದಾನ ಮಾಡಿದರು. ಅವರಲ್ಲಿ ಸಿಸ್ಟರ್ ಮೇರಿ 101ನೆಯ ವಯಸ್ಸಿನವರೆಗೂ ಚುರುಕಾಗಿದ್ದರು. ಮಿದುಳಿನಲ್ಲಿ ನೋಡಿದರೆ ಕಾಯಿಲೆಯ ಗುರುತುಗಳು ಧಾರಾಳವಾಗಿದ್ದವು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಪ್ಪತ್ತರ ಹರೆಯದಲ್ಲಿ ಈ ಸಂನ್ಯಾಸಿನಿಯರಲ್ಲಿ ಕೆಲವರು ಬರೆದುಕೊಟ್ಟಿದ್ದ ಪುಟ್ಟ ಆತ್ಮಕಥನಗಳು ಮಠದ ಕಡತಗಳಲ್ಲಿ ಉಳಿದಿದ್ದವು. ಯಾರ ವಾಕ್ಯಗಳಲ್ಲಿ ವಿಚಾರ ಒತ್ತೊತ್ತಾಗಿತ್ತೋ ಅವರಲ್ಲಿ ಮುಪ್ಪಿನ ಮರೆವು ಕಡಿಮೆ ಕಂಡಿತು.

ಮಿದುಳಿನಲ್ಲಿ ಈ ಕಾಯಿಲೆಯ ಗುರುತಾದ ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗತೊಡಗುವುದು ಮರೆವು ಕಾಣಿಸಿಕೊಳ್ಳುವುದಕ್ಕಿಂತ 15-20 ವರ್ಷ ಮೊದಲೇ ಎಂಬುದೂ ಇಂಥ ದೀರ್ಘ ಅನುಸರಣೆಯಿಂದಲೇ ತಿಳಿದದ್ದು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್ ಎಂಬ ಔಷಧ ಕಾಯಿಲೆಯನ್ನು ತುಸು ನಿಧಾನಗೊಳಿಸುತ್ತದೆಯಷ್ಟೆ, ಅದೂ ಆರಂಭದ ಹಂತದಲ್ಲಿ. ಆ ಆರಂಭವನ್ನು ನಮ್ಮ ಹಳ್ಳಿಗರಲ್ಲಿ ಗುರುತಿಸಲು ವಿದೇಶದ ಅಂಕಿಅಂಶ ಸಾಲದು. ಶ್ರೀನಿವಾಸಪುರದಲ್ಲಿ 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಟ್ಟಲೆ ಅನುಸರಿಸಲು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹೊರಟಿರುವುದು ಇದಕ್ಕಾಗಿಯೇ.

ನಮ್ಮಲ್ಲಿ ಹಳೆಯದನ್ನು ಜೋಪಾನ ಮಾಡುವ ಬುದ್ಧಿಯೇ ಕಡಿಮೆ. ಶಾಲೆಯ ದಾಖಲೆ ಗೆದ್ದಲಿಗೆ, ಆಸ್ಪತ್ರೆಯ ಕಡತ ರದ್ದಿಗೆ. ನನ್ನ ಸೋದರತ್ತೆಗೆ ಮರೆವು ಹೆಚ್ಚಿದಾಗ, ಆರು ವರ್ಷದ ಹಿಂದಿನ ಎಂಆರ್‌ಐ ಕೇಳಿಕೊಂಡು ಒಂದು ಆಸ್ಪತ್ರೆಗೆ ಹೋದೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಎಷ್ಟು ಕುಗ್ಗಿದೆಯೆಂದು ತಿಳಿಯಲು ಹಳೆಯ ಚಿತ್ರ ಬೇಕಿತ್ತು. "ಅಷ್ಟು ಹಳೆಯದನ್ನು ಇಡುವುದಿಲ್ಲ, ಹೊಸದು ತೆಗೆಸಿ" ಎಂದರು. ತೆಗೆಸಿದೆವು. ಹೋಲಿಸಲು ಏನೂ ಇಲ್ಲದ ವೈದ್ಯರು "ವಯಸ್ಸಿಗೆ ತಕ್ಕಂತಿದೆ" ಎಂದು ಬರೆದುಕೊಟ್ಟರು.